ಆರ್ಕಿಡ್ ಕುಂಡಕ್ಕೆ ಏನು ತುಂಬಬೇಕು?
(ಉಪನ್ಯಾಸದ ಲಿಖಿತ ರೂಪ)



ಪಟ್ಟಣದಿಂದ ಮಲೆನಾಡಿನ ಮನೆಗಳಿಗೆ ಬರುವ ಉಡುಗೊರೆಗಳಲ್ಲಿ ಈಗ ಫೆಲನಾಪ್ಸಿಸ್ ಎಂಬ ಆರ್ಕಿಡ್ ಕೂಡ ಸೇರಿದೆ. ಮಾಘದಲ್ಲಿ ಹೂವಿನೊಡನೆ ಜಗಲಿ ಏರಿದ ಗಿಡ, ಆಷಾಢ ಮುಗಿಯುವುದರೊಳಗೆ ಬುಡ ಕೊಳೆತು ಕೈಗೆ ಬರುತ್ತದೆ. ನೀರು ಹೆಚ್ಚಾಯಿತೆಂದು ಮನೆಯವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ದೋಷ ಬಹುಮಟ್ಟಿಗೆ ಕುಂಡದೊಳಗೆ ತುಂಬಿದ ವಸ್ತುವಿನದು.

ಮರವನ್ನಪ್ಪಿ ಬೆಳೆಯುವ ಆರ್ಕಿಡ್‌ಗಳನ್ನು ಬಂದಳಿಕೆಯೆಂದೇ ನಂಬಿದವರು ಇನ್ನೂ ಇದ್ದಾರೆ. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಆರ್ಕಿಡ್ ಬೇಡುವುದು ಆಸರೆಯನ್ನು ಮಾತ್ರ. ಅದರ ಬೇರಿಗೆ ವೆಲಮೆನ್ ಎಂಬ, ಸ್ಪಂಜಿನಂತಹ ನಿರ್ಜೀವ ಕೋಶಗಳ ಹೊದಿಕೆಯುಂಟು. ಒಣಗಿದಾಗ ಬೆಳ್ಳಿಯ ಬಣ್ಣ, ನೆನೆದಾಗ ಹಸಿರು. ಬಿದ್ದ ಮಳೆಯನ್ನು ಒಡನೆಯೇ ಹೀರಿಕೊಂಡು ಅನಂತರ ಗಾಳಿಗೆ ಆರುವುದು ಈ ಬೇರಿನ ಸ್ವಭಾವ. ಆದುದರಿಂದ ಕುಂಡದ ಮಿಶ್ರಣವನ್ನು ಮಣ್ಣಿಗೆ ಬದಲಿಯೆಂದು ತಿಳಿಯದೆ ಮರದ ಕೊಂಬೆಗೆ ಬದಲಿಯೆಂದು ತಿಳಿಯುವುದು ಲೇಸು. ಮಿಶ್ರಣ ಕೊಳೆತು ಪುಡಿಯಾದಾಗ ಅದರ ಸಂದುಗಳು ಮುಚ್ಚುತ್ತವೆ, ಬೇರು ಉಸಿರುಗಟ್ಟುತ್ತದೆ, ಶಿಲೀಂಧ್ರಗಳು ಒಳನುಗ್ಗುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸಬೇಕೆನ್ನುವುದು ಇದೇ ಕಾರಣಕ್ಕೆ.

ಅಂಗಡಿಯ ಗಿಡಗಳ ಬುಡದಲ್ಲಿ ಸಾಮಾನ್ಯವಾಗಿ ಇರುವುದು ಸ್ಫ್ಯಾಗ್ನಮ್ ಹಾವಸೆ. ನ್ಯೂಜಿಲೆಂಡ್, ಚಿಲಿ ದೇಶಗಳ ಜೌಗು ಭೂಮಿಯಿಂದ ಇದನ್ನು ಸಂಗ್ರಹಿಸಿ ಒಣಗಿಸಿ ಮಾರುತ್ತಾರೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವುದು ಅದರ ಗುಣ. ಒಣ ಹವೆಯ ಊರಿನಲ್ಲಿ ಆ ಗುಣ ವರವಾದೀತು. ಆದರೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ, ತಿಂಗಳುಗಟ್ಟಲೆ ಬಟ್ಟೆಯೇ ಒಣಗದಿರುವಾಗ ಹಾವಸೆ ಒಣಗುವುದುಂಟೆ?

ಪೊಟ್ಟಣದ ಹಾವಸೆ ದುಬಾರಿಯೆಂದು ಕಾಡಿನ ಮರದ ಕಾಂಡದಿಂದ ಹಾವಸೆ ಸುಲಿದು ತರುವ ರೂಢಿ ಇನ್ನೂ ಕೆಟ್ಟದ್ದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಅದು ಮೊಳೆತೀತು. ಹಾವಸೆ ಹೊದ್ದ ತೇವದ ತೊಗಟೆ ಅಂತಹ ಬೀಜಗಳ ತೊಟ್ಟಿಲು. ಒಂದು ಕುಂಡದ ಅಲಂಕಾರಕ್ಕಾಗಿ ಮುಂದಿನ ಪೀಳಿಗೆಯ ನೆಲೆಯನ್ನೇ ಕಿತ್ತಂತಾಯಿತು. ಮರದಂತೆ ಬೆಳೆಯುವ ಜರಿಗಿಡದ ಕಾಂಡವನ್ನು ಕಡಿದು ನಾರಿನ ತುಂಡು ಮಾಡುವುದಕ್ಕೂ ಇದೇ ಮಾತು. ಸಯಾಥಿಯ ಕುಲದ ಈ ಜರಿಗಿಡಗಳೂ ಕಾಡಿನ ಆರ್ಕಿಡ್‌ಗಳೂ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ.

ಬೇಕಾದ ಸಾಮಗ್ರಿಯೆಲ್ಲ ಹಿತ್ತಿಲಲ್ಲೇ ಇದೆ. ಮಾಡು ಬದಲಿಸಿದಾಗ ಉಳಿದ ಮಂಗಳೂರು ಹೆಂಚಿನ ಚೂರು, ತೆಂಗಿನ ಕರಟದ ಇದ್ದಿಲು, ತೆಂಗಿನ ಸಿಪ್ಪೆ. ಹೆಂಚು ಕೊಳೆಯದು; ಸ್ವಲ್ಪ ನೀರು ಹೀರಿ ಮೆಲ್ಲನೆ ಬಿಡುತ್ತದೆ. ಗಾರೆ ಅಥವಾ ಸಿಮೆಂಟು ಅಂಟಿದ್ದರೆ ಕೆರೆದು ತೆಗೆಯಬೇಕು, ಸುಣ್ಣದ ಅಂಶ ಆರ್ಕಿಡ್‌ಗೆ ಹಿಡಿಸದು. ಸಿಪ್ಪೆಯನ್ನು ಎರಡು ಮೂರು ಸೆಂ.ಮೀ. ತುಂಡು ಮಾಡಿ, ನೀರು ಬದಲಿಸುತ್ತ ಒಂದು ವಾರ ನೆನೆಸತಕ್ಕದ್ದು. ಒಗರೂ ಅದರಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳೂ ಇಳಿಯಬೇಕು. ನೀರಿನಲ್ಲಿ ಕೆಂಪು ಬಣ್ಣ ಕಾಣುತ್ತಿರುವವರೆಗೆ ಅವಸರ ಸಲ್ಲದು. ತೆಂಗಿನ ನಾರಿನ ಪುಡಿಯನ್ನಂತೂ ಬಳಸಲೇಬಾರದು. ಅದೂ ಹಾವಸೆಯಂತೆಯೇ ನೀರು ಹಿಡಿಯುತ್ತದೆ.

ಡೆಂಡ್ರೋಬಿಯಂ ಗಿಡಗಳಿಗೆ ಎರಡು ಪಾಲು ಹೆಂಚು, ಒಂದು ಪಾಲು ಇದ್ದಿಲು, ಒಂದು ಪಾಲು ಸಿಪ್ಪೆ ಹೊಂದುತ್ತದೆ. ಮಾಡಿನಡಿ ಇರುವ ಫೆಲನಾಪ್ಸಿಸ್‌ಗೆ ಸಿಪ್ಪೆ ತುಸು ಹೆಚ್ಚಾದರೂ ನಡೆದೀತು. ಸೀತಾಳೆ ದಂಡೆಯಂತಹ ನೇತಾಡುವ ಬೇರಿನ ಜಾತಿಗಳಿಗೆ ಮಿಶ್ರಣವೇ ಬೇಡ. ಮರದ ಪಟ್ಟಿಗಳ ಬುಟ್ಟಿ ಸಾಕು. ನೆಲದಲ್ಲಿ ಬೆಳೆಯುವ ಸ್ಪಾತೊಗ್ಲಾಟಿಸ್‌ಗೆ ಮಾತ್ರ ಮಣ್ಣು, ಮರಳು, ಎಲೆಗೊಬ್ಬರ. ಪೊಟ್ಟಣದ ಮೇಲೆ ‘ಎಲ್ಲ ಆರ್ಕಿಡ್‌ಗಳಿಗೂ’ ಎಂದು ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬರಬಹುದು.

ಪರೀಕ್ಷೆ ಸುಲಭ. ಹೊಯ್ದ ನೀರು ಆ ಕ್ಷಣವೇ ತಳದಿಂದ ಹೊರಬರಬೇಕು. ಮೂರು ದಿನ ಕಳೆದು ನಡುವಿನ ಒಂದು ಸಿಪ್ಪೆಯನ್ನು ಎತ್ತಿ ಮೂಸಿದರೆ ಕೊಳೆತ ವಾಸನೆ ಇರಕೂಡದು. ಹೂ ಮುಗಿದು ಹೊಸ ಬೇರಿನ ಹಸಿರು ತುದಿ ಕಂಡಾಗ, ಸಾಧ್ಯವಾದರೆ ಮುಂಗಾರಿಗೆ ಮೊದಲೇ, ಗಿಡವನ್ನು ಬದಲಿಸುವುದು ಒಳ್ಳೆಯದು. ಒತ್ತಿದರೆ ಟೊಳ್ಳೆನಿಸುವ ಕಂದು ಬೇರನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ತೆಗೆದು, ಗಾಯ ಒಣಗಲು ಕೆಲವು ದಿನ ನೀರು ತಡೆಯಬೇಕು.

ಗಾಳಿಮಳೆಗೆ ಮುರಿದು ರಸ್ತೆಗೆ ಬಿದ್ದ ಕೊಂಬೆಯಲ್ಲಿ ಸೀತಾಳೆ ದಂಡೆ ಸಿಕ್ಕಿತೆಂದು ಕುಂಡ ಹುಡುಕುವವರಿದ್ದಾರೆ. ಅದಕ್ಕೆ ಕುಂಡ ಬೇಡ. ಹತ್ತಿರದ ಹಲಸಿನ ಅಥವಾ ಮಾವಿನ ಮರದ ಒರಟು ತೊಗಟೆಗೆ, ಎಳೆಬಿಸಿಲು ಬೀಳುವ ಕಡೆ, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದರೆ ಸಾಕು. ಹೊಸ ಬೇರುಗಳು ತೊಗಟೆಯನ್ನು ಹಿಡಿದುಕೊಳ್ಳುವ ಹೊತ್ತಿಗೆ ನಾರು ತಾನಾಗಿ ಕೊಳೆತು ಉದುರುತ್ತದೆ.