ನನ್ನ ಮಾಡೆಲ್‌ಗೆ ಗೊತ್ತಿಲ್ಲದ ಚಿಗುರಿನ ವಯಸ್ಸು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಶ್ರೀನಿವಾಸಪುರದ ಹತ್ತಿರ. ಅಪ್ಪ ಅಲ್ಲಿ ಬಾದಾಮಿ ಮಾವಿನ ತೋಟ ನೋಡ್ಕೊಂಡಿದ್ದಾರೆ. ಇವತ್ತು ಕಂಪ್ಯೂಟರ್‌ನಲ್ಲಿ ಹಣ್ಣಿನ ಮರ ಬೆಳೆಸೋದರ ಬಗ್ಗೆ ಮಾತಾಡ್ತೀನಿ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ.

1968ರಲ್ಲಿ ಅರಿಸ್ಟಿಡ್ ಲಿಂಡೆನ್‌ಮಾಯರ್ ಎಂಬ ಜೀವವಿಜ್ಞಾನಿ ಬೆಳವಣಿಗೆಯನ್ನು ಅಕ್ಷರಗಳಲ್ಲಿ ಬರೆಯುವ ದಾರಿ ತೋರಿಸಿದರು. ಇದಕ್ಕೆ ಎಲ್-ಸಿಸ್ಟಮ್ ಅಂತಾರೆ. ನಿಯಮ ಸರಳ: ‘ಅ’ ಇದ್ದ ಕಡೆಯೆಲ್ಲ ‘ಅಬ’ ಬರೆಯಿರಿ, ‘ಬ’ ಇದ್ದ ಕಡೆಯೆಲ್ಲ ‘ಅ’ ಬರೆಯಿರಿ. ಅ, ಅಬ, ಅಬಅ, ಅಬಅಅಬ — ಹೀಗೆ ಸಾಲು ಬೆಳೀತಾ ಹೋಗುತ್ತೆ. ಅಕ್ಷರದ ಜಾಗದಲ್ಲಿ ಮೊಗ್ಗು, ಗೆಣ್ಣು, ಎಲೆ ಇಟ್ಟರೆ ಪರದೆ ಮೇಲೆ ಗಿಡ ಎದ್ದು ನಿಲ್ಲುತ್ತೆ.

ಆದ್ರೆ ಆಕಾರ ಬಂದ ಮಾತ್ರಕ್ಕೆ ಮರ ಆಗಲ್ಲ. ಮರದೊಳಗೆ ನಡೆಯೋದು ಸಕ್ಕರೆಯ ಜಮಾ-ಖರ್ಚು. ಎಲೆ ದುಡಿಯುತ್ತೆ, ಹಣ್ಣು, ಬೇರು, ಚಿಗುರು ಖರ್ಚು ಮಾಡುತ್ತವೆ. 2005ರಲ್ಲಿ ಪ್ರಕಟವಾದ ಎಲ್-ಪೀಚ್ ಎಂಬ ಪೀಚ್ ಮರದ ಮಾಡೆಲ್ ಈ ಹಂಚಿಕೆಯನ್ನು ವಿದ್ಯುತ್ ಸರ್ಕ್ಯೂಟ್ ಥರ ಲೆಕ್ಕ ಹಾಕುತ್ತೆ. ಒಂದಷ್ಟು ಕಾಯಿ ಕಿತ್ತರೆ ಉಳಿದ ಕಾಯಿ ಎಷ್ಟು ದಪ್ಪ ಆಗಬಹುದು ಅಂತ, ನಿಜವಾದ ಮರ ಮುಟ್ಟದೆ ನೋಡಬಹುದು.

ಇದನ್ನೆಲ್ಲ ಓದಿ, ವೀಕೆಂಡ್‌ಗಳಲ್ಲಿ ಕೂತು ಪೈಥಾನ್‌ನಲ್ಲಿ ಒಂದು ಮಾವಿನ ಮರ ಬರೆದೆ. ಕೊಂಬೆ ಚೆನ್ನಾಗಿ ಸವರಿದರೆ ಒಳಗೆ ಬಿಸಿಲು ಬೀಳುತ್ತೆ, ಎಲೆ ಜಾಸ್ತಿ ದುಡಿಯುತ್ತೆ, ಫಸಲು ಏರುತ್ತೆ — ಗ್ರಾಫ್ ಹಾಗೇ ಹೇಳ್ತು. ಅಪ್ಪನಿಗೆ ಫೋನ್ ಮಾಡಿ, ‘ಈ ಸಲ ಜೋರಾಗಿ ಸವರಿಸಿ’ ಅಂದೆ. ಅವರಿಗೆ ಮನಸ್ಸಿರಲಿಲ್ಲ. ‘ಓದಿರೋನು ಹೇಳ್ತಿದ್ದೀಯ, ಎರಡು ಮರ ಮಾಡಿ ನೋಡೋಣ’ ಅಂದ್ರು.

ಮುಂದಿನ ಸೀಸನ್‌ನಲ್ಲಿ ತೋಟವೆಲ್ಲ ಹೂ ಬಿಟ್ಟಿತ್ತು. ಆ ಎರಡು ಮರಗಳಲ್ಲಿ ಮಾತ್ರ ಬರೀ ಚಿಗುರು.

ಅಪ್ಪ ಬೈಯಲಿಲ್ಲ. ‘ಎಳೇ ಕಡ್ಡಿ ಹೂ ಬಿಡಲ್ಲ ಕಣಪ್ಪ, ಬಲೀಬೇಕು’ ಅಂದ್ರು ಅಷ್ಟೆ.

ಮಾವು ಹೂ ಬಿಡೋದು ಹೆಚ್ಚಾಗಿ ಬಲಿತ ಕಡ್ಡಿಯ ತುದಿಯಲ್ಲಿ. ಜೋರಾಗಿ ಸವರಿದರೆ ಮರ ಹೊಸ ಚಿಗುರಿಗೇ ಶಕ್ತಿ ಹಾಕುತ್ತೆ. ಹೋದ ವರ್ಷ ಕಾಯಿ ಹೊತ್ತ ಕಡ್ಡಿಯೂ ಎಷ್ಟೋ ಸಲ ಈ ವರ್ಷ ಸುಮ್ಮನಿರುತ್ತೆ. ಒಂದು ವರ್ಷ ಭರ್ತಿ, ಮುಂದಿನ ವರ್ಷ ಖಾಲಿ ಅನ್ನೋದಕ್ಕೆ ಅದೂ ಒಂದು ಕಾರಣ. ನನ್ನ ಕೋಡ್‌ನಲ್ಲಿ ಸಕ್ಕರೆ ಸಾಕಷ್ಟಿದ್ದರೆ ಯಾವ ತುದಿಯಾದರೂ ಹೂ ಬಿಡ್ತಿತ್ತು. ಕಡ್ಡಿಯ ವಯಸ್ಸು, ಅದರ ಹಿಂದಿನ ಫಸಲು — ಎರಡಕ್ಕೂ ವೇರಿಯಬಲ್ಲೇ ಇರಲಿಲ್ಲ.

ಬಗ್ ಇದ್ದದ್ದು ಕೋಡ್‌ನಲ್ಲಿ ಮಾತ್ರ ಅಲ್ಲ. ಆಫೀಸ್‌ನಲ್ಲಿ ಕ್ಲೈಂಟ್‌ನ ಹತ್ತು ಸಲ ಕೇಳದೆ ಒಂದು ಸಾಲು ಬರೆಯದ ನಾನು, ಅಪ್ಪನನ್ನ ಒಂದು ಸಲವೂ ಕೇಳಿರಲಿಲ್ಲ.

ಈಗ ಅಪ್ಪ ಕೆಲವು ಕಡ್ಡಿಗಳಿಗೆ ದಾರ ಕಟ್ಟಿ, ಚಿಗುರಿದ ದಿನ ಬರೆದಿಟ್ಟು, ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತಾರೆ. ನಾನು ಅದನ್ನ ಮಾಡೆಲ್‌ಗೆ ಸೇರಿಸ್ತೀನಿ. ಕತ್ತರಿ ಮಾತ್ರ ಅವರ ಕೈಯಲ್ಲೇ ಇರುತ್ತೆ.