ಬಸುರಿಯ ರಕ್ತದೊತ್ತಡವೂ ರಕ್ತದ ಕಿರುಬಿಲ್ಲೆಗಳೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ದಾಸ್ತಾನು ಪುಸ್ತಕ ಬರೆಯುವವರು. ಬಸುರಿಯರ ವಿಷಯವನ್ನು ಗಂಡಸರು ಸಭೆಯಲ್ಲಿ ಏಕೆ ಎತ್ತಬೇಕೆಂದು ಹಿರಿಯರೊಬ್ಬರು ಆಗಲೇ ಕೇಳಿದರು. ಊರಿಗೆ ಟಿಕೆಟು ತೆಗೆಯುವವರು ನಾವು, ದವಾಖಾನೆಯ ಕಾಗದಗಳನ್ನು ಟ್ರಂಕಿನಲ್ಲಿ ಇಡುವವರೂ ನಾವು. ಆದ್ದರಿಂದ ಎತ್ತಬೇಕಾಗಿದೆ.

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ. ತಮ್ಮನ ಹೆಂಡತಿ ಚೊಚ್ಚಲ ಬಸುರಿ. ಏಳು ತಿಂಗಳು ತುಂಬಿದ ಮೇಲೆ ಹೆರಿಗೆಗೆಂದು ತವರಿಗೆ ಕಳಿಸಿದೆವು. ಹೊರಡುವ ವಾರ ಇಲ್ಲಿನ ದವಾಖಾನೆಯಲ್ಲಿ ಒತ್ತಡ 144ಕ್ಕೆ 92 ಎಂದು ಬರೆದಿದ್ದರು. ಆ ಚೀಟಿ ರೇಶನ್ ಕಾರ್ಡಿನ ಜೊತೆ ನಮ್ಮ ಟ್ರಂಕಿನಲ್ಲೇ ಉಳಿಯಿತು. ಊರಲ್ಲಿ ಆಕೆಗೆ ತಲೆನೋವು, ವಾಂತಿ, ಬಲಪಕ್ಕೆಯ ಕೆಳಗೆ ನೋವು. ಪಿತ್ತವೆಂದು ಶುಂಠಿ ಕಷಾಯ ಕೊಟ್ಟರು. ಮೂರನೆಯ ದಿನ ಕಣ್ಣು ಮಂಜಾಯಿತು, ಆಸ್ಪತ್ರೆಗೆ ಒಯ್ದರು. ಪ್ಲೇಟ್‌ಲೆಟ್ ಎಣಿಕೆ 58,000. ‘ಮೊದಲು ಎಷ್ಟಿತ್ತು?’ ಎಂದು ಡಾಕ್ಟರು ಕೇಳಿದರಂತೆ. ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಈ ಪ್ಲೇಟ್‌ಲೆಟ್ ಎಂದರೆ ರಕ್ತದಲ್ಲಿನ ಅತಿ ಸಣ್ಣ ಕಣ. ಕನ್ನಡದಲ್ಲಿ ಕಿರುಬಿಲ್ಲೆ ಎನ್ನುತ್ತಾರೆ. ಗಾಯವಾದಲ್ಲಿ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವುದು ಇವುಗಳ ಕಸುಬು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಧಾರಣವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಅವುಗಳ ಆಯುಸ್ಸು ಏಳರಿಂದ ಹತ್ತು ದಿನ. ಎಲುಬಿನ ಮಜ್ಜೆ ದಿನವೂ ಹೊಸದನ್ನು ಜಮೆ ಮಾಡುತ್ತದೆ. ಖರ್ಚು ಜಮೆಯನ್ನು ಮೀರಿದರೆ ಶಿಲ್ಕು ಇಳಿಯಲೇಬೇಕು. ಇದು ನಮ್ಮಂಥ ಗುಮಾಸ್ತರಿಗೆ ಬೇಗ ತಿಳಿಯುವ ಲೆಕ್ಕ.

ಬಸುರಿನ 20 ವಾರಗಳ ನಂತರ ಒತ್ತಡ 140ಕ್ಕೆ 90 ಅಥವಾ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವುದೋ ಬೇರೆ ಅಂಗಕ್ಕೆ ಪೆಟ್ಟಾದ ಗುರುತೋ ಕಂಡರೆ ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಮಾಸಿಗೆ ರಕ್ತ ಒಯ್ಯುವ ನಾಳಗಳು ಆಗಬೇಕಾದಷ್ಟು ಅಗಲವಾಗಿರುವುದಿಲ್ಲ. ಕೊರತೆಗೆ ಸಿಕ್ಕಿದ ಮಾಸು ಕೆಲವು ದ್ರವ್ಯಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಕಿರುಬಿಲ್ಲೆಗಳು ಅಲ್ಲೆಲ್ಲ ಗಾಯವಾಗಿದೆಯೆಂದೇ ಹೋಗಿ ಅಂಟಿಕೊಂಡು ಖರ್ಚಾಗುತ್ತವೆ. ಎಣಿಕೆ ಒಂದು ಲಕ್ಷದ ಕೆಳಗಿಳಿದರೆ ರೋಗ ಉಗ್ರವೆಂದು ಲೆಕ್ಕ. ಇದರ ಜೊತೆ ಕೆಂಪು ಕಣಗಳು ಒಡೆದು, ಯಕೃತ್ತೂ ಕೆಡುವ ಸ್ಥಿತಿಗೆ 1982ರಲ್ಲಿ ಅಮೆರಿಕದ ಡಾಕ್ಟರ್ ವೈನ್‌ಸ್ಟೈನ್ ‘ಹೆಲ್ಪ್’ ಎಂದು ಹೆಸರಿಟ್ಟರು. ಬಲಪಕ್ಕೆಯ ನೋವು ಪಿತ್ತದ್ದಲ್ಲ, ಆ ಯಕೃತ್ತಿನದು. ಕೆಲವರಲ್ಲಿ ಒತ್ತಡ ಹೆಚ್ಚು ಏರದೆಯೂ ಇದು ಬರುವುದುಂಟು.

ಇಷ್ಟು ಕೇಳಿ ಯಾರೂ ಗಾಬರಿಯಾಗಬೇಡಿ. ಆರೋಗ್ಯವಂತ ಬಸುರಿಯರಲ್ಲೂ ಕೊನೆಯ ತಿಂಗಳುಗಳಲ್ಲಿ ಎಣಿಕೆ ತುಸು ಇಳಿಯುತ್ತದೆ. ಸಾಮಾನ್ಯವಾಗಿ ಲಕ್ಷದ ಮೇಲೆಯೇ ನಿಲ್ಲುತ್ತದೆ, ತೊಂದರೆ ಕೊಡುವುದಿಲ್ಲ. ಅದಕ್ಕೇ ಒಂದು ಅಂಕಿಯಿಂದ ಪೂರ್ತಿ ಕಥೆ ತಿಳಿಯದು. ಎರಡು ಲಕ್ಷ ಇದ್ದದ್ದು ಒಂದು ಲಕ್ಷ ಹತ್ತು ಸಾವಿರಕ್ಕೆ ಬಂದಿದೆಯೋ, ಮೊದಲಿನಿಂದಲೂ ಅಷ್ಟೇ ಇತ್ತೋ ಎಂಬುದು ಹಳೆಯ ಕಾಗದವಿದ್ದರೆ ಮಾತ್ರ ಗೊತ್ತಾಗುತ್ತದೆ. ಬೆನ್ನಿಗೆ ಅರಿವಳಿಕೆ ಸೂಜಿ ಹಾಕಬಹುದೇ ಎಂಬುದನ್ನೂ ಈ ಎಣಿಕೆ ನೋಡಿಯೇ ಡಾಕ್ಟರರು ತೀರ್ಮಾನಿಸುತ್ತಾರೆ.

ಡೆಂಗಿಗೆಂದು ಕುಡಿಸುವ ಪಪ್ಪಾಯಿ ಎಲೆಯ ರಸವನ್ನು ಇಲ್ಲಿಗೂ ತರಬೇಡಿ. ರೋಗದ ಬೇರು ಮಾಸಿನಲ್ಲಿರುವುದರಿಂದ ಹೆರಿಗೆಯೇ ಚಿಕಿತ್ಸೆ. ಅಲ್ಲಿಯ ತನಕ ಒತ್ತಡ ಇಳಿಸುವ ಔಷಧ, ಸೆಳವು ಬಾರದಂತೆ ಮ್ಯಾಗ್ನೀಸಿಯಂ ಸಲ್ಫೇಟ್ ಸೂಜಿ. 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರ ಹೆಂಗಸರ ಪರೀಕ್ಷೆಯಲ್ಲಿ ಈ ಸೂಜಿಯಿಂದ ಸೆಳವು ಅರ್ಧಕ್ಕಿಂತ ಕಡಿಮೆಯಾದದ್ದು ಕಂಡಿತು. ಹೆರಿಗೆಯಾದ ಮೇಲೂ ಒಂದೆರಡು ದಿನ ಎಣಿಕೆ ಇಳಿದು ಆಮೇಲೆ ಏರುತ್ತದೆ. ಬಾಣಂತಿಗೆ ತಲೆನೋವು, ಕಣ್ಣು ಮಂಜು ಬಂದರೂ ಆಸ್ಪತ್ರೆಗೇ ಓಡಬೇಕು.

ನಮ್ಮ ಮನೆಯಾಕೆಗೆ ಅದೇ ರಾತ್ರಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು. ಎರಡನೆಯ ದಿನ ಎಣಿಕೆ 41,000ಕ್ಕೆ ಹೋಗಿ, ವಾರದೊಳಗೆ ಲಕ್ಷ ದಾಟಿತು. ಮಗು ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು, ಈಗ ಅಂಬೆಗಾಲಿಡುತ್ತಿದೆ.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆಯ ಏರ್ಪಾಡು 2016ರಿಂದ ಇದೆ. ಊರಿಗೆ ಹೊರಡುವವರು ಒತ್ತಡದ ಚೀಟಿ, ರಕ್ತದ ವರದಿಗಳನ್ನು ಇಲ್ಲಿಗೆ ತನ್ನಿ. ಭಾನುವಾರ ಬೆಳಿಗ್ಗೆ ವಾಚನಾಲಯದ ಮೇಜಿನ ಬಳಿ ನಾವಿರುತ್ತೇವೆ. ತಾರೀಖಿನ ಪ್ರಕಾರ ಒಂದೇ ಹಾಳೆಯಲ್ಲಿ ಎರಡು ಪ್ರತಿ ಬರೆದುಕೊಡುತ್ತೇವೆ: ಒಂದು ಆಕೆಯ ಚೀಲಕ್ಕೆ, ಒಂದು ಮನೆಯವರಿಗೆ.