ಹಳೆಯ ಮೋಟಾರಿನ ಮೊಣಕಾಲು

(ಬೊರಿವಲಿಯ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಂಪ, ಕುಮಾರವ್ಯಾಸರನ್ನು ಕುರಿತು ಪಂಡಿತರು ಮಾತನಾಡಿದ ಈ ವೇದಿಕೆಯ ಮೇಲೆ ಇಂದು ಮೋಟಾರು ಗಾಡಿಯ ರಬ್ಬರು ಬುಷ್ಷಿನ ವಿಚಾರ ಕೇಳುವ ಪ್ರಸಂಗ ತಮಗೆ ಒದಗಿದೆ. ತಪ್ಪು ನನ್ನದಲ್ಲ. “ನಿಮಗೆ ಗೊತ್ತಿರುವುದನ್ನೇ ಹೇಳಿ” ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನನಗೆ ಗೊತ್ತಿರುವುದು ಇಷ್ಟೇ. ಅದನ್ನೂ ನಾನು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು.

ನಮ್ಮ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ನಮ್ಮ ತೀರ್ಥರೂಪರು ೧೯೮೬ರಲ್ಲಿ ಕೊಂಡದ್ದು. ಊರಿನಿಂದ ಒಂದು ತಗಡಿನ ಟ್ರಂಕು ಹಿಡಿದು ಬಂದವರು ಆ ದಿನ ಗಾಡಿಗೆ ಹೂವಿನ ಹಾರ ಹಾಕಿ, ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ನಮ್ಮನ್ನೆಲ್ಲ ಕೂರಿಸಿಕೊಂಡು ಗೊರಾಯಿಯ ಕಡೆ ಒಂದು ಸುತ್ತು ಹೋಗಿ ಬಂದರು. ಈಗ ಅವರಿಲ್ಲ, ಗಾಡಿ ಇದೆ. ನಮ್ಮ ತಾಯಿಯವರಿಗೆ ಎಂಬತ್ತು ದಾಟಿತು. ಬೇರೆ ಯಾವ ಕಾರಿನಲ್ಲಿ ಕೂರಿಸಿದರೂ ಅವರಿಗೆ ಸಮಾಧಾನವಿಲ್ಲ.

ಈ ಗಾಡಿಗೂ ಕನ್ನಡಿಗರಿಗೂ ಒಂದು ಹಳೆಯ ನಂಟುಂಟು. ನಮ್ಮ ದೇಶದಲ್ಲಿಯೇ ಮೋಟಾರುಗಳು ತಯಾರಾಗಬೇಕೆಂದು ೧೯೩೦ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ ಹೋರಾಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಜೊತೆಗೆ ನಿಂತ ವಾಲಚಂದ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಅವರ ಕಾರ್ಖಾನೆಯಲ್ಲಿ ಇಟಲಿಯ ಫಿಯಟ್ ೧೧೦೦ ಡಿಲೈಟ್ ೧೯೬೪ರಿಂದ ತಯಾರಾಯಿತು. ಅದೇ ಗಾಡಿ ೧೯೭೪ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಬಹುಕಾಲ ಇದೇ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ, ೨೦೦೩ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಮನೆಯ ಗಾಡಿಯ ಮಾತು ಬೇರೆ. ಹದಿನೈದು ವರ್ಷವಾದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು. ಆದುದರಿಂದ ನಮ್ಮದು ಇನ್ನೂ ಓಡುತ್ತಿದೆ.

ಕೆಲವು ವರ್ಷಗಳ ಕೆಳಗೆ ಮುಂಭಾಗದಿಂದ ಒಂದು ಸದ್ದು ಶುರುವಾಯಿತು. ರಸ್ತೆಯ ಉಬ್ಬು ದಾಟಿದರೆ “ಟಕ್”; ಮಳೆಗಾಲದ ಗುಂಡಿಗೆ ಇಳಿದರೆ “ಟಕ್ ಟಕ್”. ಟಯರುಗಳು ಒಳ ಅಂಚಿನಲ್ಲಿ ಮಾತ್ರ ಸವೆಯತೊಡಗಿದವು. ಒಂದು ಗ್ಯಾರೇಜಿಗೆ ಒಯ್ದೆ. ಮೊದಲು ಶಾಕ್ ಅಬ್ಸಾರ್ಬರು ಬದಲಿಸಿದರು, ಆಮೇಲೆ ಟಯರು ಬದಲಿಸಿದರು, ಎರಡು ಸಲ ಅಲೈನ್‌ಮೆಂಟು ಮಾಡಿದರು. ನನ್ನ ಕಿಸೆ ಹಗುರವಾಯಿತು. ಸದ್ದು ಇದ್ದಲ್ಲಿಯೇ ಇತ್ತು.

ಕೊನೆಗೆ, ಟ್ಯಾಕ್ಸಿಗಳ ಕೆಲಸದಲ್ಲಿಯೇ ತಲೆ ನರೆತ, ವಿಜಾಪುರದ ಕಡೆಯ ಒಬ್ಬ ಹಿರಿಯ ಮಿಸ್ತ್ರಿಗಳು ಸಿಕ್ಕಿದರು. ಗಾಡಿಯ ಕೆಳಗೆ ಒಂದು ಹಾರೆ ತೂರಿಸಿ ಮುಂದಿನ ಆರ್ಮನ್ನು ಮೀಟಿದರು. ಅಲುಗಾಡಬಾರದ ಆರ್ಮು ಹಲ್ಲು ಸಡಿಲವಾದಂತೆ ಅಲುಗಾಡಿತು. ಅವರು ನಕ್ಕು, “ಬುಷ್ ಹೋಗ್ಯಾವ್ರೀ ಸಾಹೇಬ್ರ. ಬೂಟ ಬದಲಿಸಿದ್ರ ಮೊಣಕಾಲ ನೋವು ಹೋಗ್ತದೇನ್ರೀ?” ಎಂದರು.

ಆ ಮಾತು ಅಕ್ಷರಶಃ ನಿಜ. ಪದ್ಮಿನಿಯ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ಉಕ್ಕಿನ ತೋಳು ಉಂಟು. ಅದೇ ಕಂಟ್ರೋಲ್ ಆರ್ಮ್. ರಸ್ತೆ ಏರಿಳಿದಂತೆ ಈ ತೋಳು ಏರಿಳಿಯುತ್ತದೆ. ತೋಳು ಗಾಡಿಯ ಮೈಗೆ ಸೇರುವ ಕೀಲಿನಲ್ಲಿ ಕೂತಿರುವುದೇ ಬುಷ್: ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಕಚ್ಚಿಕೊಂಡ ರಬ್ಬರು. ರಬ್ಬರಿಗೆ ವಯಸ್ಸಾದಂತೆ ಅದು ಬಿರುಸಾಗಿ ಬಿರುಕು ಬಿಡುತ್ತದೆ. ಆಮೇಲೆ ಚಕ್ರವು ತನ್ನ ನೇರದಲ್ಲಿ ನಿಲ್ಲುವುದಿಲ್ಲ. ಸದ್ದು, ಟಯರು ಸವೆತ, ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುವುದು, ಎಲ್ಲವೂ ಇದರ ಫಲ.

ಇಲ್ಲಿಂದ ಮುಂದಿನದು ನನ್ನ ಬುದ್ಧಿವಂತಿಕೆಯ ಕಥೆ. ರೋಗ ತಿಳಿಯಿತಲ್ಲ, ಮಿಸ್ತ್ರಿಗಳ ಮಜೂರಿ ಏಕೆ ಕೊಡಬೇಕು ಎಂದುಕೊಂಡೆ. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ಬುಷ್ ತಂದೆ. ಒಂದು ಭಾನುವಾರ ಸೋದರಳಿಯನನ್ನು ಕರೆದುಕೊಂಡು ಗಾಡಿಯನ್ನು ಎತ್ತಿ ನಿಲ್ಲಿಸಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಚಕ್ರಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟುಗಳನ್ನು ಮೈಮೇಲಿನ ಶಕ್ತಿಯೆಲ್ಲ ಹಾಕಿ ಬಿಗಿದೆ. ಸದ್ದು ನಿಂತಿತು. ನಾನೂ ಸೊಸೈಟಿಯಲ್ಲಿ ಎದೆ ಉಬ್ಬಿಸಿ ನಡೆದೆ.

ಐದೇ ತಿಂಗಳು. ತಾಯಿಯವರನ್ನು ಕೂರಿಸಿಕೊಂಡು ದಹಿಸರದ ಹತ್ತಿರ ಹೆದ್ದಾರಿಯಲ್ಲಿ ಬರುತ್ತಿದ್ದಾಗ ಮುಂದಿನ ಲಾರಿ ಥಟ್ಟನೆ ನಿಂತಿತು. ಬ್ರೇಕು ಒತ್ತಿದೆ. ಗಾಡಿ ನೇರ ನಿಲ್ಲದೆ ಎಡಕ್ಕೆ ಜಗ್ಗಿತು. ಪಕ್ಕದಲ್ಲಿ ಸ್ಕೂಟರಿನ ಮೇಲೆ ಇದ್ದ ಹುಡುಗನಿಗೂ ನಮಗೂ ನಡುವೆ ಒಂದು ಗೇಣು ಉಳಿದಿತ್ತು. ತಾಯಿಯವರ ಹಣೆ ಮುಂದಿನ ಹಲಗೆಗೆ ಬಡಿದು ಊದಿಕೊಂಡಿತು. ಅವರು ಮಾತ್ರ, “ನಿನ್ನ ಅಪ್ಪ ಇದ್ದಿದ್ದರೆ ಗಾಡಿಯನ್ನು ಈ ಗತಿಗೆ ತರುತ್ತಿರಲಿಲ್ಲ, ಮಗಾ” ಎಂದರು. ಆ ಮಾತಿನ ಪೆಟ್ಟು ಹಣೆಯ ಪೆಟ್ಟಿಗಿಂತ ದೊಡ್ಡದು.

ತಲೆ ತಗ್ಗಿಸಿಕೊಂಡು ಮಿಸ್ತ್ರಿಗಳಲ್ಲಿಗೆ ಹೋದೆ. ಬಿಚ್ಚಿ ನೋಡಿದರೆ ಹೊಸ ರಬ್ಬರೆಲ್ಲ ಹರಿದು ಹೋಗಿತ್ತು. ಅವರು ಕಾರಣ ತಿಳಿಸಿದರು. ಬಾಗಿಲ ತಿರುಗಣಿಯಂತೆ ಬುಷ್ ಜಾರಿ ತಿರುಗುವುದಿಲ್ಲ. ರಬ್ಬರು ತಾನೇ ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಬೋಲ್ಟು ಬಿಗಿದ ಕ್ಷಣದಲ್ಲಿ ತೋಳು ಎಲ್ಲಿರುತ್ತದೋ ಅದೇ ಅದರ ವಿಶ್ರಾಂತಿಯ ಸ್ಥಾನ. ಚಕ್ರ ತೂಗಾಡುತ್ತಿರುವಾಗ ಬಿಗಿದರೆ, ಗಾಡಿಯನ್ನು ನೆಲಕ್ಕಿಳಿಸಿದಾಗಲೇ ರಬ್ಬರು ಪೂರ್ತಿ ತಿರುಚಿಕೊಂಡಿರುತ್ತದೆ. ಕುತ್ತಿಗೆ ತಿರುಗಿಸಿಕೊಂಡೇ ನಿಂತವನಿಗೆ ಇನ್ನೂ ತಿರುಗು ಎಂದರೆ ಏನಾದೀತು? ಪ್ರತಿಯೊಂದು ಗುಂಡಿಯೂ ಅದನ್ನು ಹರಿಯುತ್ತದೆ.

ಆದುದರಿಂದ ಹಳೆಯ ಗಾಡಿ ಇಟ್ಟುಕೊಂಡ ಬಂಧುಗಳಿಗೆ ನನ್ನ ಬಿನ್ನಹ ಇಷ್ಟು. ಗಾಡಿ ಎತ್ತಿರುವಾಗ ಬೋಲ್ಟನ್ನು ಕೈಬಿಗಿಗೆ ಮಾತ್ರ ಕೂರಿಸಿ. ಚಕ್ರ ಹಾಕಿ ನೆಲಕ್ಕಿಳಿಸಿ, ಎರಡು ಸಲ ಅದುಮಿ ಬಿಟ್ಟು, ತನ್ನ ಭಾರದ ಮೇಲೆ ತಾನು ನಿಂತ ಮೇಲೆಯೇ ಪೂರ್ತಿ ಬಿಗಿಯಿರಿ. ಕೆಳಗೆ ತಲೆ ಹಾಕುವ ಮುನ್ನ ಚಕ್ರಗಳಿಗೆ ಕಲ್ಲು ಕೊಟ್ಟಿದೆಯೇ ನೋಡಿ. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ಎಂದೂ ಹೋಗಬೇಡಿ. ಗಟ್ಟಿಯಾದ ಸ್ಟ್ಯಾಂಡು ಕೊಡಿ. ತೋಳಿನ ಮೇಲೆ ಸುರುಳಿ ಸ್ಪ್ರಿಂಗು ಅದುಮಿಕೊಂಡು ಕೂತಿರುತ್ತದೆ. ಅದಕ್ಕೆ ತಕ್ಕ ಉಪಕರಣ ಹಾಕಿ ಹಿಡಿಯದೆ ತೋಳು ಬಿಚ್ಚಿದರೆ ಅದು ಚಿಮ್ಮಿ ಜೀವ ತೆಗೆದೀತು. ಅಭ್ಯಾಸವಿಲ್ಲದವರು, ನನ್ನಂತೆ ಅದೃಷ್ಟವನ್ನು ನಂಬದೆ, ಮಿಸ್ತ್ರಿಗಳಿಗೆ ಬಿಡುವುದೇ ಲೇಸು. ಹಳೆಯ ಬುಷ್ಷಿಗೆ ಬೆಂಕಿ ಹಚ್ಚಿ ತೆಗೆಯಬೇಡಿ, ಆ ಹೊಗೆ ವಿಷ. ಹೊಸದನ್ನು ಸುತ್ತಿಗೆಯಿಂದ ಬಡಿಯದೆ, ಹೊರಗಿನ ಕೊಳವೆಯ ಅಂಚಿಗೆ ಸರಿಹೊಂದುವ ಪೈಪು ಕೊಟ್ಟು ಪ್ರೆಸ್ಸಿನಲ್ಲಿ ಅದುಮಿ ಕೂರಿಸಿ. ಕಿಂಗ್ ಪಿನ್ನಿಗೆ ಗ್ರೀಸು ಬೇಕು, ರಬ್ಬರು ಬುಷ್ಷಿಗೆ ಎಣ್ಣೆ, ಗ್ರೀಸು ಬೇಡ. ಸುಳ್ಯ, ಪುತ್ತೂರುಗಳ ತೋಟದವರನ್ನು ಕೇಳಿ, ಎಣ್ಣೆ ತಗುಲಿದ ರಬ್ಬರು ಉಬ್ಬಿ ಮೆತ್ತಗಾಗುವುದು ಅವರಿಗೆ ಗೊತ್ತು. ಒಂದು ಕಡೆಯದು ಹೋದರೂ ಎರಡೂ ಕಡೆಯದನ್ನು ಬದಲಿಸಿ. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟು ಮಾಡಿಸಿ, ಮೊದಲಲ್ಲ.

ಮಿಸ್ತ್ರಿಗಳು ಕೂರಿಸಿದ ಬುಷ್ ಈಗ ಮೂರು ಮಳೆಗಾಲ ಕಂಡಿದೆ. ಕಳೆದ ವಾರ ತಾಯಿಯವರನ್ನು ಕರೆದುಕೊಂಡು ಹೊರಟಾಗ ಅದೇ ಉಬ್ಬಿನ ಮೇಲೆ ಗಾಡಿ ದಾಟಿತು. ಅವರು ಕಿವಿಗೊಟ್ಟು ಕೇಳಿ, “ಸದ್ದಿಲ್ಲ” ಎಂದರು. ನನಗೆ ಅಷ್ಟು ಸಾಕು.